ಮಾಂಸಕ್ಕೆ ಟಗರು ಮರಿ ಸಾಕಣೆ: ಬಯಲು, ಅರೆ ಬಯಲು, ಕೊಟ್ಟಿಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಲೆಕ್ಕವೆಲ್ಲ ಕರ್ನಾಟಕದ ದೇಸಿ ತಳಿಗಳದ್ದು. ಸಂತೆಯಿಂದ ಮೂರು ತಿಂಗಳ ಮರಿ ತಂದು ಆರೇಳು ತಿಂಗಳಿಗೆ ಮಾರುವವರಿಗೂ, ಸ್ವಂತ ಮಂದೆಯಲ್ಲಿ ಹುಟ್ಟಿದ ಟಗರು ಮರಿಗಳನ್ನು ಬೆಳೆಸುವವರಿಗೂ ಹೊಂದುತ್ತದೆ.

ಮರಿ ಸಾಕುವ ಪದ್ಧತಿಗಳು ಎಷ್ಟು? ಒಂದಕ್ಕೊಂದು ಏನು ವ್ಯತ್ಯಾಸ?

ಮೂರು. ಬಯಲಿನಲ್ಲಿ ಮೇಯಿಸುವುದು, ಅಂದರೆ ದಿನಕ್ಕೆ ಎಂಟು ಹತ್ತು ಗಂಟೆ ಬೀಳು, ಗೋಮಾಳ, ಕೊಯ್ಲಾದ ಹೊಲಗಳಲ್ಲಿ ಮೇಯಿಸಿ ರಾತ್ರಿ ರೊಪ್ಪಕ್ಕೆ ಕೂಡುವುದು. ಎರಡನೆಯದು ಅರೆ ಬಯಲು: ನಾಲ್ಕೈದು ಗಂಟೆ ಮೇಯಿಸಿ, ಸಂಜೆ ಮನೆಯಲ್ಲಿ ಹೊಟ್ಟು ಮತ್ತು ಕೈತಿಂಡಿ (ಕಾಳಿನ ನುಚ್ಚು, ಹಿಂಡಿ, ಬೂಸಾ ಬೆರೆಸಿದ್ದು) ಕೊಡುವುದು. ಮೂರನೆಯದು ಕೊಟ್ಟಿಗೆ ಪದ್ಧತಿ. ಮರಿ ಶೆಡ್ ಬಿಟ್ಟು ಹೊರಗೆ ಹೋಗುವುದಿಲ್ಲ, ಮೇವು ನೀರು ಎಲ್ಲ ಅಲ್ಲಿಗೇ ಬರುತ್ತದೆ.

ಬಯಲಿನಲ್ಲಿ ಖರ್ಚಾಗುವುದು ಕುರಿಗಾಹಿಯ ಕಾಲು, ಕೊಟ್ಟಿಗೆಯಲ್ಲಿ ಖರ್ಚಾಗುವುದು ನಿಮ್ಮ ದುಡ್ಡು. ಅರೆ ಬಯಲಿನಲ್ಲಿ ಎರಡೂ ಸ್ವಲ್ಪ ಸ್ವಲ್ಪ.

ನನಗೆ ಯಾವುದು ಸರಿ?

ಶೆಡ್ಡಿನ ನಕ್ಷೆ ಹಿಡಿದು ಈ ಪ್ರಶ್ನೆ ಕೇಳುವವರೇ ಹೆಚ್ಚು. ಮೊದಲು ಮೇವಿನ ಲೆಕ್ಕ ಹಾಕಿ. ಸುತ್ತಮುತ್ತ ಮೇಯಿಸಲು ಜಾಗವಿದ್ದು ಮನೆಯಲ್ಲಿ ಒಬ್ಬರು ಮಂದೆಯ ಹಿಂದೆ ಹೋಗುವಂತಿದ್ದರೆ ಅರೆ ಬಯಲು ಪದ್ಧತಿಯಷ್ಟು ಗಟ್ಟಿಯಾದದ್ದು ಬೇರೆ ಇಲ್ಲ. ನೀರಾವರಿ ಜಮೀನಿದೆ, ಮೇಯಿಸಲು ಜಾಗವೂ ಇಲ್ಲ ಆಳೂ ಸಿಗುವುದಿಲ್ಲ ಅಂದರೆ ಕೊಟ್ಟಿಗೆ ಪದ್ಧತಿ. ಮೇಯಿಸುವ ಜಾಗವೂ ನೀರಾವರಿಯೂ ಇಲ್ಲದೆ ಹಸಿರು ಮೇವು, ಹೊಟ್ಟು, ಹಿಂಡಿ ಎಲ್ಲವನ್ನೂ ಕೊಂಡು ಕೊಟ್ಟಿಗೆಯಲ್ಲಿ ಸಾಕುತ್ತೇನೆ ಅನ್ನುವವರಿಗೆ ನಮ್ಮ ಸಲಹೆ: ಬೇಡ. ಮಳೆಗಾಲದಲ್ಲಿ ಲೆಕ್ಕ ಸರಿ ಕಾಣುತ್ತದೆ, ಮಾರ್ಚ್ ಬಂದಾಗ ಹೊಟ್ಟಿನ ದರ ಏರಿ ಎಲ್ಲ ತಲೆಕೆಳಗಾಗುತ್ತದೆ.

ಪೂರ್ತಿ ಬಯಲನ್ನೇ ನಂಬಿದ ಸಾಕಣೆ ದೊಡ್ಡ ಮಂದೆಯ, ಊರೂರು ತಿರುಗುವ ಕುರಿಗಾಹಿಗಳಿಗೆ ಒಗ್ಗಿದ್ದು. ಹೊಲದವರು ಗೊಬ್ಬರಕ್ಕಾಗಿ ಕುರಿ ಮಂದೆ ಹಾಕಿಸಿದಾಗ ಬರುವ ದುಡ್ಡೋ ಕಾಳೋ ಸೇರಿದರೇ ಅವರ ಲೆಕ್ಕ ಕೂಡುವುದು. ಇಪ್ಪತ್ತು ಮರಿ ಇಟ್ಟುಕೊಂಡು ಅದನ್ನು ಅನುಕರಿಸಲಾಗದು.

ದಿನಕ್ಕೆ ಎಷ್ಟು ತೂಕ ಬರುತ್ತದೆ?

ದೇಸಿ ಟಗರು ಮರಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ಬರೀ ಬಯಲು ಮೇವಿನ ಮೇಲೆ ಸಾಮಾನ್ಯವಾಗಿ ದಿನಕ್ಕೆ 50ರಿಂದ 70 ಗ್ರಾಂ, ಅರೆ ಬಯಲಿನಲ್ಲಿ 80ರಿಂದ 110 ಗ್ರಾಂ, ಒಳ್ಳೆಯ ಕೊಟ್ಟಿಗೆ ಸಾಕಣೆಯಲ್ಲಿ 120ರಿಂದ 150 ಗ್ರಾಂ ಬೆಳೆಯುತ್ತದೆ. 250, 300 ಗ್ರಾಂ ಬರುತ್ತದೆ ಎಂದು ವೀಡಿಯೊಗಳಲ್ಲಿ ಹೇಳುವುದನ್ನು ನಂಬಿ ಯೋಜನಾ ವರದಿ ಬರೆಯಬೇಡಿ.

ಬಯಲಿನಲ್ಲಿ ಬೆಳವಣಿಗೆ ಕಮ್ಮಿಯಾಗಲು ಎರಡು ಕಾರಣ. ತಿಂದದ್ದರಲ್ಲಿ ಒಂದು ಪಾಲು ನಡಿಗೆಗೇ ಹೋಗುತ್ತದೆ. ಜೊತೆಗೆ ಡಿಸೆಂಬರ್ ದಾಟಿದ ಮೇಲೆ ಒಣಗಿದ ಹುಲ್ಲಿನಲ್ಲಿ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ಕಟ್ಟಲು ಬೇಕಾದ ಪ್ರೋಟೀನ್ ಇರುವುದಿಲ್ಲ. ಸಂಜೆ ಮರಿಗೆ 150ರಿಂದ 200 ಗ್ರಾಂ ಕೈತಿಂಡಿ ಕೊಟ್ಟರೆ ಈ ಎರಡನೆಯ ಕೊರತೆ ತುಂಬುತ್ತದೆ. ಅರೆ ಬಯಲು ಪದ್ಧತಿಯ ಗುಟ್ಟು ಇಷ್ಟೇ.

ಯಾವ ತಳಿ ತರಬೇಕು?

ನಿಮ್ಮ ಸೀಮೆಯದ್ದು. ಮಂಡ್ಯ, ಮಳವಳ್ಳಿ, ತಿ. ನರಸೀಪುರ ಕಡೆ ಬನ್ನೂರು: ಕುಳ್ಳಗೆ, ದುಂಡಗೆ, ಹಿಂಗಾಲು ತುಂಬಿಕೊಂಡಿರುತ್ತದೆ. ಮಾಂಸದ ರುಚಿಗೆ ಹೆಸರು, ದರವೂ ಮೇಲು, ಆದರೆ ತೂಕ ನಿಧಾನ. ರಾಯಚೂರು, ಕೊಪ್ಪಳ, ಬಾಗಲಕೋಟೆ ಕಡೆಯ ಕೆಂಗುರಿ ಎತ್ತರದ ಆಳು, ಬೇಗ ಬೆಳೆಯುತ್ತದೆ, ಬಿಸಿಲು ತಡೆಯುತ್ತದೆ. ಬಳ್ಳಾರಿ ಮತ್ತು ಡೆಕ್ಕನಿ ಉಣ್ಣೆಯ ಕುರಿಗಳು. ಅಲೆಮಾರಿ ಜೀವನಕ್ಕೆ ಹೇಳಿ ಮಾಡಿಸಿದವು. ಕೊಟ್ಟಿಗೆಯಲ್ಲಿಟ್ಟರೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸದೆ ಬೇಸಿಗೆ ಕಳೆಯಲಾಗದು.

ಮಹಾರಾಷ್ಟ್ರದ ಫಲಟಣದಲ್ಲಿರುವ ನಾರಿ (ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ) ರೂಪಿಸಿದ ನಾರಿ ಸುವರ್ಣ ತಳಿ ನಮ್ಮಲ್ಲೂ ಬಂದಿದೆ. ಬಂಗಾಳದ ಗರೋಲ್ ಕುರಿಯಿಂದ ಬಂದ ಗುಣದಿಂದ ಅವಳಿ ಮರಿ ಹಾಕುತ್ತದೆ. ಇದು ಮರಿ ಹಾಕಿಸುವವರ ತಳಿ. ತಾಯಿಗೆ ತಕ್ಕ ಮೇವು ಕೊಡದಿದ್ದರೆ ಅವಳಿಯಲ್ಲಿ ಒಂದು ಸೊರಗುತ್ತದೆ. ಮರಿ ಕೊಂಡು ಕೊಬ್ಬಿಸುವವರಿಗೆ ಇದಕ್ಕೆಂದು ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ.

ಸಂತೆಯಲ್ಲಿ ಮರಿ ಕೊಳ್ಳುವಾಗ ಏನು ನೋಡಬೇಕು?

ಅಮೀನಗಡವಾಗಲಿ, ಬನ್ನೂರಾಗಲಿ, ಸಂತೆಗೆ ಬೆಳಗಿನ ಜಾವವೇ ಹೋಗಿ. ಹೊತ್ತು ಏರಿದಂತೆ ಉಳಿಯುವುದು ಆರಿಸಿ ಬಿಟ್ಟ ಮರಿ.

ಕೈಯಲ್ಲಿ ಮುಟ್ಟದೆ ದರ ಮಾತಾಡಬೇಡಿ. ಮೊದಲು ಕೆಳಗಿನ ರೆಪ್ಪೆ ಎಳೆದು ನೋಡಿ: ಕೆಂಪಾಗಿದ್ದರೆ ಸರಿ, ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಇದೆ. ದವಡೆಯ ಕೆಳಗೆ ಕೈ ಹಾಕಿ. ನೀರು ತುಂಬಿದ ಚೀಲದಂತೆ ಮೆತ್ತಗಿದ್ದರೆ ಅದೇ ರೋಗ ಮುಂದುವರಿದಿದೆ ಎಂದರ್ಥ, ಬಿಟ್ಟುಬಿಡಿ. ಬಾಲ ಎತ್ತಿ ನೋಡಿ, ಹಿಂಭಾಗದಲ್ಲಿ ಭೇದಿಯ ಕಲೆ ಅಂಟಿರಬಾರದು. ಮೂಗಿನಲ್ಲಿ ಗೊಣ್ಣೆ, ತುಟಿಯಲ್ಲಿ ಹುಣ್ಣು ಇದ್ದರೆ ಆ ಮರಿಯನ್ನಷ್ಟೇ ಅಲ್ಲ, ಅದರ ಜೊತೆ ಒಂದೇ ಗಾಡಿಯಲ್ಲಿ ಬಂದ ಗುಂಪನ್ನೇ ಬಿಡಿ. ಬೆನ್ನೆಲುಬಿನ ಮೇಲೆ ಬೆರಳಾಡಿಸಿ: ಎಲುಬು ತೆಳ್ಳಗೆ ಸಿಗಬೇಕು, ಗರಗಸದ ಹಾಗೆ ಚುಚ್ಚಬಾರದು. ಕಾಲು ಉದ್ದ, ಎದೆ ಅಗಲ, ಮೈ ಸ್ವಲ್ಪ ಬಡಕಲು – ಇದು ಕೊಬ್ಬಿಸಲು ಲಾಯಕ್ಕಾದ ಮರಿ. ಆಗಲೇ ದುಂಡಗಾಗಿರುವುದಕ್ಕೆ ನೀವು ಹೆಚ್ಚು ದುಡ್ಡು ಕೊಟ್ಟಿರುತ್ತೀರಿ, ಮುಂದೆ ಅದು ಬೆಳೆಯುವುದು ಕಡಿಮೆ.

ವಯಸ್ಸಿನ ಬಗ್ಗೆ ಎಚ್ಚರ. ಕುಳ್ಳಾದ, ಮುಖ ಮಾಗಿದ ಮರಿಯನ್ನು "ಮೂರು ತಿಂಗಳದ್ದು" ಎಂದು ಮಾರುವುದುಂಟು. ಹಾಲುಹಲ್ಲು ಸವೆದು ಸಂದು ಬಿಟ್ಟಿದ್ದರೆ ವಯಸ್ಸಾಗಿದೆ ಎಂದು ತಿಳಿಯಿರಿ. ಬೆಳಿಗ್ಗೆ ಉಪ್ಪು ತಿನ್ನಿಸಿ ನೀರು ಕುಡಿಸಿ ಹೊಟ್ಟೆ ಉಬ್ಬಿಸುವ ಚಾಳಿಯೂ ಇದೆ. ಆದ್ದರಿಂದ ಕಣ್ಣಂದಾಜು ಬಿಟ್ಟು ತೂಗುವ ತಕ್ಕಡಿ ಒಯ್ಯಿರಿ. ತೂಗು ಹಾಕುವ ಡಿಜಿಟಲ್ ತಕ್ಕಡಿ ಮತ್ತು ಒಂದು ಗೋಣಿ ಪಟ್ಟಿ ಸಾಕು.

ಮನೆಗೆ ತಂದ ಮೇಲೆ ಮೊದಲು ಏನು ಮಾಡಬೇಕು?

ಹಳೆಯ ಮಂದೆಯಿಂದ 21 ದಿನ ದೂರ ಇಡಿ. ನೀರಿನ ತೊಟ್ಟಿ, ಮೇವಿನ ದೋಣಿ ಬೇರೆಯೇ ಇರಲಿ. ಹಳೆಯ ಮರಿಗಳ ಕೆಲಸ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಿ.

ಮೊದಲ ದಿನ ಬೆಲ್ಲ ಮತ್ತು ಚಿಟಿಕೆ ಉಪ್ಪು ಹಾಕಿದ ನೀರು, ಒಣ ಹೊಟ್ಟು ಅಷ್ಟೇ. ಹಸಿದ ಮರಿ ಎಂದು ಕನಿಕರಪಟ್ಟು ಮೆಕ್ಕೆಜೋಳ ಸುರಿದರೆ ಮಾರನೆಯ ದಿನವೇ ಒಂದೆರಡು ಹೋಗುತ್ತವೆ. ಮೂರನೆಯ ದಿನ ಜಂತುನಾಶಕ. ಅಲ್ಬೆಂಡಜೋಲ್ ಆದರೆ ದುಂಡು ಜಂತುವಿಗೆ ಕಿಲೋ ತೂಕಕ್ಕೆ 7.5 ಮಿ.ಗ್ರಾಂ, ಶೇ. 2.5ರ ದ್ರಾವಣದಲ್ಲಿ ಪ್ರತಿ 10 ಕಿಲೋಗೆ 3 ಮಿ.ಲೀ. ಕುಡಿಸುವಾಗ ಮರಿಯ ತಲೆ ಮೇಲಕ್ಕೆತ್ತಬೇಡಿ. ಔಷಧಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಮೈಮೇಲೆ ಉಣ್ಣೆಹುಳು, ಹೇನು ಇದ್ದರೆ ಬಿಸಿಲಿರುವ ದಿನ ನೋಡಿ ಔಷಧಿ ಸಿಂಪಡಿಸಿ. ಒಂದು ವಾರದ ಹೊತ್ತಿಗೆ ಜ್ವರ, ಭೇದಿ ಇಲ್ಲದ ಮರಿಗೆ ಮೊದಲ ಲಸಿಕೆ.

ಯಾವ ಲಸಿಕೆ, ಯಾವಾಗ?

ಕೊಬ್ಬಿಸುವ ಮರಿಗೆ ಮೊದಲು ಕರುಳು ಬೇನೆ, ಅಂದರೆ ಇ.ಟಿ. ಲಸಿಕೆ. ಮೂರು ತಿಂಗಳು ದಾಟಿದ ಮರಿಗೆ ಹಾಕಿ, 15 ದಿನಕ್ಕೆ ಇನ್ನೊಮ್ಮೆ ಹಾಕಲೇಬೇಕು. ಮೊದಲನೆಯದು ಹಾಕಿಸಿ ಎರಡನೆಯದನ್ನು ಮರೆಯುವವರೇ ಜಾಸ್ತಿ. ಒಂದೇ ಡೋಸಿನಿಂದ ರಕ್ಷಣೆ ನಿಲ್ಲುವುದಿಲ್ಲ. ಈ ರೋಗ ಬಡಕಲು ಮರಿಯನ್ನು ಬಿಟ್ಟು ಚೆನ್ನಾಗಿ ತಿನ್ನುವ, ಮಂದೆಯಲ್ಲೇ ಚೆಂದದ ಮರಿಯನ್ನು ಹಿಡಿಯುತ್ತದೆ. ರಾತ್ರಿ ಸರಿ ಇದ್ದದ್ದು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಕಾಳು ಹೆಚ್ಚಾದಾಗ, ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗ ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿ ವಿಷ ಬಿಡುವುದು ಕಾರಣ. ಆದ್ದರಿಂದಲೇ ಬಯಲು ಮಂದೆಗೂ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಹಾಕಿಸುವ ರೂಢಿ.

ಆಮೇಲೆ ಪಿಪಿಆರ್, ನಮ್ಮವರು ಹಿರೇಬೇನೆ ಅನ್ನುವುದು. ಒಮ್ಮೆ ಹಾಕಿದರೆ ಮಾಂಸದ ಮರಿಯ ಆಯುಷ್ಯಕ್ಕೆ ಸಾಕು. ಕುರಿ ಸಿಡುಬು, ಕಾಲುಬಾಯಿ ಜ್ವರ, ಗಳಲೆ, ನೀಲಿ ನಾಲಿಗೆ – ಇವುಗಳಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಯಾವುದು ಬೇಕು ಎಂಬುದನ್ನು ಪಶುವೈದ್ಯರು ಹೇಳುತ್ತಾರೆ. ಲಸಿಕೆಗಳ ನಡುವೆ ಎರಡು ವಾರ ಅಂತರವಿರಲಿ. ಪಿಪಿಆರ್ ಮತ್ತು ಸಿಡುಬಿನ ಲಸಿಕೆ ಜೀವಂತ ವೈರಸ್ಸಿನವು. ಐಸ್ ಇಲ್ಲದೆ ತಂದರೆ, ಬೆರೆಸಿ ಎರಡು ಗಂಟೆ ಮೀರಿದರೆ ನೀರು ಚುಚ್ಚಿದಂತೆಯೇ.

ಸ್ವಂತ ಮಂದೆಯ ಮರಿಯನ್ನು ಹುಟ್ಟಿನಿಂದ ಹೇಗೆ ನೋಡಬೇಕು?

ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು. ಮೊದಲ ದಿನ ಒಟ್ಟು ಮರಿಯ ತೂಕದ ಹತ್ತನೇ ಒಂದು ಪಾಲು, ಅಂದರೆ ಎರಡೂವರೆ ಕಿಲೋ ಮರಿಗೆ ಕಾಲು ಲೀಟರ್. ಹೊಕ್ಕುಳಿಗೆ ಟಿಂಚರ್ ಅಯೋಡಿನ್.

ಹದಿನೈದನೇ ದಿನದಿಂದ ಮರಿ ತಿಂಡಿ ಶುರು ಮಾಡಿ. ಮರಿ ಮಾತ್ರ ನುಸುಳುವಷ್ಟು, ಏಳೆಂಟು ಇಂಚು ಸಂದು ಬಿಟ್ಟ ಬೇಲಿಯೊಳಗೆ ತಿಂಡಿ ಇಡುವುದು, ತಾಯಿಗೆ ಸಿಗಬಾರದು. ಮೆಕ್ಕೆಜೋಳದ ನುಚ್ಚು 50, ಶೇಂಗಾ ಹಿಂಡಿ 30, ಗೋಧಿ ಬೂಸಾ 17, ಖನಿಜ ಮಿಶ್ರಣ 2, ಉಪ್ಪು 1 ಕಿಲೋ ಬೆರೆಸಿದರೆ ಪ್ರೋಟೀನ್ ಸುಮಾರು ಶೇ. 19 ಬರುತ್ತದೆ. ಮೊದಲು ನೆಕ್ಕುವಷ್ಟು, ಎರಡನೇ ತಿಂಗಳು 100 ಗ್ರಾಂ, ಮೂರನೇ ತಿಂಗಳು 200ರಿಂದ 250 ಗ್ರಾಂ. 90 ದಿನಕ್ಕೆ ಹಾಲು ಬಿಡಿಸುವ ಹೊತ್ತಿಗೆ ಮರಿ 12ರಿಂದ 14 ಕಿಲೋ ಬಂದಿರಬೇಕು. ಬಯಲಿನಲ್ಲಿ ತಾಯಿಯ ಹಾಲನ್ನಷ್ಟೇ ನೆಚ್ಚಿದ ಮರಿ ಎಷ್ಟೋ ಸಲ ಒಂಬತ್ತು ಹತ್ತರಲ್ಲೇ ನಿಂತಿರುತ್ತದೆ. ಮುಂದೆ ಎಷ್ಟು ತಿನ್ನಿಸಿದರೂ ಆ ಹಿನ್ನಡೆ ಪೂರ್ತಿ ತುಂಬುವುದಿಲ್ಲ.

ಕೊಟ್ಟಿಗೆಯ ಮರಿಗೆ ದಿನದ ಮೇವು ಎಷ್ಟು?

ಒಣ ತೂಕದ ಲೆಕ್ಕದಲ್ಲಿ ಮರಿಯ ತೂಕದ ಶೇ. 4ರಷ್ಟು. 20 ಕಿಲೋ ಮರಿಗೆ ಹೆಚ್ಚುಕಡಿಮೆ 350 ಗ್ರಾಂ ಕೈತಿಂಡಿ, 300 ಗ್ರಾಂ ಹುರುಳಿ, ತೊಗರಿ ಅಥವಾ ಶೇಂಗಾ ಹೊಟ್ಟು, ಒಂದು ಕಿಲೋ ಹಸಿರು ಮೇವು. ಕೈತಿಂಡಿ 100 ಕಿಲೋಗೆ: ಮೆಕ್ಕೆಜೋಳದ ನುಚ್ಚು 45, ಶೇಂಗಾ ಹಿಂಡಿ 20, ಗೋಧಿ ಬೂಸಾ 32, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನ್ ಸುಮಾರು ಶೇ. 17. ನುಚ್ಚು ದಪ್ಪಗಿರಲಿ, ಹಿಟ್ಟು ಮಾಡಬೇಡಿ. ಶೇಂಗಾ ಹಿಂಡಿಯಲ್ಲಿ ಬೂಸ್ಟು ಕಂಡರೆ ಚೀಲವನ್ನೇ ವಾಪಸ್ಸು ಮಾಡಿ.

ಬೆಳಿಗ್ಗೆ ಮೊದಲು ಒಣ ಹೊಟ್ಟು, ಅರ್ಧ ಗಂಟೆ ಬಿಟ್ಟು ಅರ್ಧ ಕೈತಿಂಡಿ, ಮಧ್ಯಾಹ್ನ ಹಸಿರು ಮೇವು, ಸಂಜೆ ಉಳಿದರ್ಧ ಕೈತಿಂಡಿ, ರಾತ್ರಿಗೆ ಮತ್ತೆ ಹೊಟ್ಟು. ಎಲ್ಲ ಮರಿಗೂ ಒಟ್ಟಿಗೆ ಬಾಯಿ ಹಾಕಲು ಜಾಗವಿರಬೇಕು, ತಲಾ 10ರಿಂದ 12 ಇಂಚು ದೋಣಿ. ಇಲ್ಲವಾದರೆ ಜೋರಿನ ಮರಿ ಎರಡು ಪಾಲು ತಿಂದು ಅಜೀರ್ಣಕ್ಕೆ ಬೀಳುತ್ತದೆ, ಪಾಪದ ಮರಿ ಉಪವಾಸ.

ಕಾಳು ತಿಂದು ಹೊಟ್ಟೆ ಕೆಡುವುದು ಏಕೆ? ತಡೆಯುವುದು ಹೇಗೆ?

ಕೊಟ್ಟಿಗೆ ಪದ್ಧತಿಯಲ್ಲಿ ಮೊದಲ ತಿಂಗಳು ಸಾಯುವ ಮರಿಗಳಲ್ಲಿ ಇದರ ಪಾಲು ದೊಡ್ಡದು. ನಾರು ಜೀರ್ಣಿಸಲು ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಪಿಷ್ಟ ಬಿದ್ದರೆ ಆಮ್ಲ ಏರುತ್ತದೆ. ಮರಿ ಹಲ್ಲು ಕಡಿಯುತ್ತದೆ, ಮೆಲುಕು ನಿಲ್ಲಿಸುತ್ತದೆ, ಹುಳಿ ವಾಸನೆಯ ಭೇದಿ ಮಾಡುತ್ತದೆ, ತೂರಾಡುತ್ತದೆ.

ಮೊದಲ ವಾರ ದಿನಕ್ಕೆ 50ರಿಂದ 100 ಗ್ರಾಂಗಿಂತ ಹೆಚ್ಚು ಕೈತಿಂಡಿ ಬೇಡ. ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ 50 ಗ್ರಾಂ ಏರಿಸಿ. ಹಿಕ್ಕೆ ಗೋಲಿ ಗೋಲಿಯಾಗಿ ಬಿದ್ದರೆ ಮುಂದಕ್ಕೆ ಹೋಗಿ, ಮುದ್ದೆ ಕಟ್ಟಿದರೆ ಅಲ್ಲೇ ನಿಲ್ಲಿ, ತೆಳುವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಈಗಾಗಲೇ ಕೆಟ್ಟಿದ್ದರೆ ಕಾಳು ಪೂರ್ತಿ ನಿಲ್ಲಿಸಿ, 15ರಿಂದ 20 ಗ್ರಾಂ ಅಡುಗೆ ಸೋಡಾವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ನಿಧಾನ ಕುಡಿಸಿ, ವೈದ್ಯರನ್ನು ಕರೆಯಿರಿ. ಮದುವೆ ಮನೆಯ ಉಳಿದ ಅನ್ನ, ರೊಟ್ಟಿ ತಂದು ಸುರಿದಾಗ ಆಗುವುದೂ ಇದೇ.

ಮರಿ ಮೂತ್ರಕ್ಕೆ ತಿಣುಕುತ್ತದೆ, ಹನಿ ಹನಿ ಬರುತ್ತದೆ. ಏನದು?

ಮೂತ್ರದ ಕಲ್ಲು. ಕಾಳು, ಬೂಸಾ ಹೆಚ್ಚು ತಿನ್ನುವ ಗಂಡು ಮರಿಗಳ ಕಾಯಿಲೆ. ಬಯಲಿನ ಮಂದೆಯಲ್ಲಿ ಅಪರೂಪ. ಕಾಳು, ಬೂಸಾ ಎರಡರಲ್ಲೂ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದ ಅಂಶ (ಕ್ಯಾಲ್ಸಿಯಂ) ಕಡಿಮೆ. ತಿಂಡಿಯಲ್ಲಿ ಸುಣ್ಣದ ಅಂಶ ರಂಜಕದ ಎರಡರಷ್ಟಿರಬೇಕು. ಖನಿಜ ಮಿಶ್ರಣ ಬಿಡದೆ ಹಾಕುವುದು, ಉಪ್ಪು ಕೊಟ್ಟು ನೀರು ಹೆಚ್ಚು ಕುಡಿಯುವಂತೆ ಮಾಡುವುದು, ವೈದ್ಯರ ಸಲಹೆಯಂತೆ ಕೈತಿಂಡಿಗೆ ಶೇ. 0.5 ಅಮೋನಿಯಂ ಕ್ಲೋರೈಡ್ ಸೇರಿಸುವುದು – ಇವು ತಡೆ. ಪೂರ್ತಿ ಕಟ್ಟಿದ ಮೇಲೆ ಮನೆಮದ್ದು ಮಾಡುತ್ತಾ ಕೂತರೆ ಮೂತ್ರಕೋಶ ಒಡೆಯುತ್ತದೆ.

ಕೋಳಿ ಫೀಡು, ಹಂದಿ ಫೀಡು ಅಗ್ಗಕ್ಕೆ ಸಿಗುತ್ತದೆ, ಹಾಕಬಹುದೇ?

ಬೇಡ. ಅವುಗಳಲ್ಲಿರುವ ತಾಮ್ರ ಕುರಿಗೆ ವಿಷ. ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಶೇಖರವಾಗಿ ಒಂದು ದಿನ ಕಾಮಾಲೆ, ಕೆಂಪು ಮೂತ್ರ ತೋರಿಸಿ ಮರಿ ಸಾಯುತ್ತದೆ. ಖನಿಜ ಮಿಶ್ರಣವೂ ಕುರಿಗೆಂದೇ ಮಾಡಿದ್ದು ಇರಲಿ, ಹಸುವಿನದ್ದಲ್ಲ.

ಹಸಿರು ಮೇವು ಏನು ಬೆಳೆಯಬೇಕು?

ನೇಪಿಯರ್ ಹುಲ್ಲೊಂದನ್ನೇ ನೆಟ್ಟು ಕೂರಬೇಡಿ. ದಂಟು ದಪ್ಪವಾದರೆ ಮರಿ ಮುಟ್ಟುವುದಿಲ್ಲ, ಕತ್ತರಿಸಿ ಹಾಕಿದರೂ ಪ್ರೋಟೀನ್ ಕಡಿಮೆ. ಅರ್ಧ ಜಾಗದಲ್ಲಿ ಬೇಲಿ ಮೆಂತ್ಯ ಅಥವಾ ಕುದುರೆ ಮೆಂತ್ಯ, ಬದುವಿನ ಮೇಲೆ ಅಗಸೆ, ಸುಬಾಬುಲ್ ಇರಲಿ. ಸುಬಾಬುಲ್ ಒಟ್ಟು ಹಸಿರಿನ ಮೂರನೇ ಒಂದು ಪಾಲು ಮೀರದಿರಲಿ, ಹೆಚ್ಚಾದರೆ ಕೂದಲು ಉದುರುತ್ತದೆ. 100 ಮರಿಗೆ ನೀರಾವರಿಯ ಒಂದು ಎಕರೆ ಹಿಡಿದುಕೊಳ್ಳಿ.

ಜೋಳದ ಬಗ್ಗೆ ಒಂದು ಮಾತು. ಮೊಣಕಾಲೆತ್ತರ ಬಾರದ ಎಳೆ ಜೋಳ, ಮಳೆ ಕೈಕೊಟ್ಟು ಬಾಡಿದ ಜೋಳ, ಕಟಾವಿನ ನಂತರ ಚಿಗುರಿದ ಕುಳೆ – ಈ ಮೂರರಲ್ಲೂ ಸಯನೈಡ್ ವಿಷವಿರುತ್ತದೆ. ಬಯಲಿನ ಮಂದೆ ಕುಳೆ ಹೊಲಕ್ಕೆ ನುಗ್ಗಿದರೆ ಅರ್ಧ ಗಂಟೆಯಲ್ಲಿ ಮರಿಗಳು ಏದುಸಿರು ಬಿಟ್ಟು ಬೀಳುತ್ತವೆ. ಹೂ ಬಿಟ್ಟ ಮೇಲೆ ಕೊಯ್ದ ಜೋಳ ಸುರಕ್ಷಿತ.

ಜಂತುಹುಳುವಿಗೆ ತಿಂಗಳಿಗೊಮ್ಮೆ ಔಷಧಿ ಕೊಡಬೇಕೇ?

ಕೊಡಬಾರದು. ಒಂದೇ ಔಷಧಿಯನ್ನು ಪದೇ ಪದೇ, ಅದೂ ಅಂದಾಜಿನ ತೂಕಕ್ಕೆ ಕಡಿಮೆ ಕೊಟ್ಟು, ಹುಳುಗಳು ಅದಕ್ಕೆ ಬಗ್ಗದಂತಾಗಿವೆ. ಹಿಕ್ಕೆ ಪರೀಕ್ಷೆ ಮಾಡಿಸಿ, ರೆಪ್ಪೆಯ ಬಣ್ಣ ನೋಡಿ, ಬೇಕಾದ ಮರಿಗೆ ಕೊಡಿ. ಅಟ್ಟಣಿಗೆಯ (ನೆಲದಿಂದ ಎತ್ತರದಲ್ಲಿ ಸಂದು ಬಿಟ್ಟು ಪಟ್ಟಿ ಹಾಸಿದ ನೆಲ) ಮೇಲೆಯೇ ಇರುವ ಮರಿಗೆ ಬಂದಾಗ ಒಮ್ಮೆ ಕೊಟ್ಟರೆ ಸಾಮಾನ್ಯವಾಗಿ ಸಾಕು. ಬಯಲು ಮಂದೆಗೆ ಮುಂಗಾರಿನ ಆರಂಭ, ಮಧ್ಯ, ಕೊನೆ ಮುಖ್ಯ. ಇಬ್ಬನಿ ಆರುವ ಮುನ್ನ ಮೇಯಲು ಬಿಡಬೇಡಿ, ಮರಿಹುಳುಗಳು ಹುಲ್ಲಿನ ತುದಿಗೆ ಏರಿರುವ ಹೊತ್ತದು. ಕೆರೆಯಂಚಿನ ಜೌಗಿನಲ್ಲಿ ಮೇದರೆ ಬಸವನಹುಳುವಿನ ಮೂಲಕ ಯಕೃತ್ತಿನ ಹುಳು ಬರುತ್ತದೆ.

ಅಟ್ಟಣಿಗೆ ಶೆಡ್ ಕಟ್ಟಲೇಬೇಕೇ?

ಮಳೆ ಹೆಚ್ಚಿರುವ, ನೀರು ಬಸಿಯದ ಮಣ್ಣಿನ ಕಡೆ ಮಾತ್ರ ಅದು ದುಡ್ಡಿಗೆ ತಕ್ಕ ಕೆಲಸ. ಚಿತ್ರದುರ್ಗ, ಕೊಪ್ಪಳದಂಥ ಒಣ ಸೀಮೆಗೆ ಎತ್ತರದ ಗಟ್ಟಿ ಮಣ್ಣಿನ ನೆಲ, ಮೇಲೊಂದು ಹೊದಿಕೆ, ಸುತ್ತ ಜಾಲರಿ ಸಾಕು. ಮರಿಗೆ ಸೂರಿನಡಿ 8ರಿಂದ 10 ಚದರ ಅಡಿ, ಹೊರಗೆ ಅದರ ಎರಡರಷ್ಟು ಅಂಗಳ. ಅಟ್ಟಣಿಗೆ ಮಾಡುವುದಾದರೆ ಕೆಳಗೆ ಗುಡಿಸಲು ಮೂರೂವರೆ ಅಡಿ ಎತ್ತರ ಬಿಡಿ. ಪಟ್ಟಿಗಳ ಸಂದು ಒಂದೂವರೆ ಸೆಂಟಿಮೀಟರ್ ಮೀರಿದರೆ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ. ನಾಲ್ಕೂ ಕಡೆ ಗೋಡೆ ಎಬ್ಬಿಸಿದ ಶೆಡ್ಡಿನಲ್ಲಿ ಕೆಮ್ಮು ಬಿಡುವುದಿಲ್ಲ. ಒಳಗೆ ಹೋದಾಗ ನಿಮ್ಮ ಕಣ್ಣು ಉರಿದರೆ ಮರಿಯ ಶ್ವಾಸಕೋಶವೂ ಉರಿಯುತ್ತಿದೆ.

ಬೀಜ ಒಡೆಸಬೇಕೇ?

ಏಳೆಂಟು ತಿಂಗಳೊಳಗೆ ಮಾರುವುದಾದರೆ ಬೇಡ. ಒಡೆಸದ ಟಗರೇ ಬೇಗ ಬೆಳೆಯುತ್ತದೆ. ಬಕ್ರೀದ್‌ಗೆ, ದೇವರ ಹರಕೆಗೆ ಕೊಳ್ಳುವವರೂ ಒಡೆಸದ್ದನ್ನೇ ಕೇಳುವುದು ಹೆಚ್ಚು.

ಲಾಭ ಎಷ್ಟು ಉಳಿಯುತ್ತದೆ?

ದರಗಳು ವಾರಕ್ಕೊಂದು. ಕೆಳಗಿನದು ಲೆಕ್ಕದ ದಾರಿ ತೋರಿಸಲು ಹಿಡಿದ ಅಂಕಿ, ನಿಮ್ಮ ಊರಿನ ದರ ಹಾಕಿ ಮತ್ತೆ ಮಾಡಿ. 14 ಕಿಲೋ ಮರಿ, ಜೀವಂತ ತೂಕ ಕಿಲೋಗೆ ₹450ರಂತೆ ₹6,300. ಕೊಟ್ಟಿಗೆಯಲ್ಲಿ 90 ದಿನ: ಕೈತಿಂಡಿ 31.5 ಕಿಲೋ, ₹30ರಂತೆ ₹945, ಹೊಟ್ಟು 27 ಕಿಲೋ, ₹8ರಂತೆ ₹216, ಹಸಿರು 90 ಕಿಲೋ, ₹3ರಂತೆ ₹270, ಔಷಧಿ ₹150, ನೂರಕ್ಕೆ ಐದು ಸಾವಿನ ಬಾಬ್ತು ₹350. ಒಟ್ಟು ₹8,231.

ದಿನಕ್ಕೆ 120 ಗ್ರಾಂ ಬೆಳೆದರೆ 24.8 ಕಿಲೋ, ₹400ರಂತೆ ₹9,920. ಉಳಿದದ್ದು ₹1,689. ಕೂಲಿ, ಬಡ್ಡಿ, ಶೆಡ್ಡಿನ ಸವಕಳಿ ಇದರಲ್ಲೇ ಹೋಗಬೇಕು. ಅದೇ ಮೇವು ತಿಂದು 70 ಗ್ರಾಂ ಬೆಳೆದರೆ 20.3 ಕಿಲೋ, ₹8,120, ಅಂದರೆ ಮರಿಗೆ ₹111 ಕೈಯಿಂದ ಹಾಕಿದಿರಿ. ಇನ್ನೊಂದು ಕಡೆ ನೋಡಿ: 120 ಗ್ರಾಮೇ ಬೆಳೆದು, ಕೊಳ್ಳುವಾಗ ಕಿಲೋಗೆ ₹50 ಹೆಚ್ಚು ಕೊಟ್ಟಿದ್ದರೆ ₹700 ಆ ದಿನವೇ ಹೋಯಿತು. ಹಿಂಡಿಯಲ್ಲಿ ಎರಡು ರೂಪಾಯಿ ಉಳಿಸಲು ಊರೂರು ಸುತ್ತುವುದಕ್ಕಿಂತ ಮರಿ ಆರಿಸುವುದರಲ್ಲಿ ಎರಡು ಸಂತೆ ಹೆಚ್ಚು ತಿರುಗಿದರೆ ಲಾಭ.

ಯಾವಾಗ ಮಾರಬೇಕು?

ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಮೇವು ಹಾಕುವ ಮುನ್ನ ತೂಗಿ. 25 ಕಿಲೋ ಸುತ್ತಮುತ್ತ ಬಂದು, ಬೆಳವಣಿಗೆ ದಿನಕ್ಕೆ 80 ಗ್ರಾಂಗಿಂತ ಕೆಳಗಿಳಿದರೆ ಇಟ್ಟುಕೊಳ್ಳುವುದು ದಂಡ. ಆಮೇಲೆ ಬರುವುದು ಮಾಂಸಕ್ಕಿಂತ ಕೊಬ್ಬೇ ಹೆಚ್ಚು. ಹಳೇ ಮೈಸೂರು ಕಡೆ ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಗುಡ್ಡೆ ಬಾಡಿನವರು (ಒಟ್ಟಿಗೆ ಕುರಿ ಕೊಂಡು ಮಾಂಸವನ್ನು ಗುಡ್ಡೆ ಹಾಕಿ ಹಂಚಿಕೊಳ್ಳುವವರು) ಹುಡುಕಿಕೊಂಡು ಬರುತ್ತಾರೆ. ಅವರಿಗೆ ಈ ತೂಕದ ಮರಿ ಸರಿ. ಬಕ್ರೀದ್‌ನ ಲೆಕ್ಕವೇ ಬೇರೆ: ಸಾಮಾನ್ಯವಾಗಿ ವರ್ಷ ತುಂಬಿದ, ಕೊಂಬು ಮುರಿಯದ, ಕುಂಟದ, ಮೈಯಲ್ಲಿ ಊನವಿಲ್ಲದ ಟಗರು ಬೇಕು. ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಹೋದ ವರ್ಷದ ತಿಂಗಳು ನೋಡಿ ಮರಿ ತಂದರೆ ವಯಸ್ಸು ಸಾಲದೆ ಹೋಗಬಹುದು. ಜಂತುನಾಶಕ, ಇಂಜೆಕ್ಷನ್ ಕೊಟ್ಟಿದ್ದರೆ ಬಾಟಲಿಯ ಮೇಲೆ ಬರೆದಷ್ಟು ದಿನ ಕಳೆಯದೆ ಕಡಿಯಲು ಕೊಡಬೇಡಿ.

ಸಹಾಯಧನ, ಪರಿಹಾರ ಏನಾದರೂ ಇದೆಯೇ?

ರಾಷ್ಟ್ರೀಯ ಜಾನುವಾರು ಮಿಷನ್ನಿನ ಶೇ. 50 ಸಹಾಯಧನ ಇರುವುದು ಹೆಣ್ಣು ಕುರಿ, ಟಗರು ಇಟ್ಟು ಮರಿ ಹಾಕಿಸುವ ಘಟಕಕ್ಕೆ, ಮರಿ ಕೊಂಡು ಕೊಬ್ಬಿಸುವ ವ್ಯಾಪಾರಕ್ಕಲ್ಲ. ಕುರಿ ಮೇಕೆ ಆಕಸ್ಮಿಕವಾಗಿ ಸತ್ತರೆ ರಾಜ್ಯದ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೇಳಬಹುದು. ಹೂಳುವ ಮುನ್ನ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಆಗಲೇಬೇಕು. ಸತ್ತದ್ದನ್ನು ಹೂತು ಆಮೇಲೆ ಅರ್ಜಿ ಹಿಡಿದು ಹೋದರೆ ಕೆಲಸವಾಗದು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ.